ಗಣಕಯಂತ್ರಕ್ಕೆ ಬಂದ ಜ್ವರ

ಬೆಣ್ಣೆಹಳ್ಳದ ದಂಡೆಯ ಮೇಲಿರುವ ಯಮನೂರು ಎರೆಮಣ್ಣಿನ ಸೀಮೆಯ ಊರು. ಬೇಸಗೆಯಲ್ಲಿ ಎರೆಯ ನೆಲ ಬಿರಿದು, ಅದರ ನುಣ್ಣನೆಯ ಧೂಳು ಕಿಟಕಿಯ ಸಂದಿನಿಂದ ಮನೆಯೊಳಗೆಲ್ಲ ಹರಡುವುದು. ಇಂಥ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನು ಅಗ್ಗದ ಬೆಲೆಗೆ ಹಳೆಯ ಗಣಕಯಂತ್ರವನ್ನು ಕೊಂಡಿರುವನೆಂದು ಭಾವಿಸೋಣ. ಪರೀಕ್ಷೆ ಸಮೀಪಿಸಿದಾಗಲೇ ಯಂತ್ರವು ಅರ್ಧ ಗಂಟೆ ನಡೆದು, ಪಂಖ ಭೋರ್ಗರೆದು, ತಟ್ಟನೆ ನಿಂತುಬಿಡುವುದು. ಹೊಸದನ್ನು ಕೊಳ್ಳಲು ಕೈಯಲ್ಲಿ ಹಣವಿಲ್ಲ. ಅವನೇನು ಮಾಡಬೇಕು?

ಮೊದಲು ರೋಗವನ್ನು ತಿಳಿಯೋಣ. ಯಂತ್ರದ ಮಿದುಳೆನಿಸಿದ ಪ್ರೊಸೆಸರು ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆ. ಅದು ಸೇವಿಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಪರಿಣಮಿಸುವುದು. ಮೇಜಿನ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ 65 ವ್ಯಾಟಿನಷ್ಟಿರುವುದುಂಟು. ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೇರಿದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸುವುದು. ಇನ್ನೂ ಏರಿದರೆ ಯಂತ್ರವು ನಿಂತುಹೋಗುವುದು. ಹೀಗೆ ನಿಲ್ಲುವುದು ಸಾವಲ್ಲ, ಆತ್ಮರಕ್ಷಣೆ!

ಈ ಶಾಖ ಹೊರಬೀಳಲು ಒಂದು ದಾರಿಯಿದೆ: ಬಿಲ್ಲೆಯಿಂದ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಅಲ್ಯೂಮಿನಿಯಮ್ಮಿನ ತೆಳುರೆಕ್ಕೆಗಳಿಗೆ, ಕೊನೆಗೆ ಪಂಖದ ಗಾಳಿಗೆ. ಎರಡು ಲೋಹಗಳು ಎಷ್ಟೇ ನುಣುಪಾಗಿ ಕಂಡರೂ ಅವುಗಳ ನಡುವಣ ಸೂಕ್ಷ್ಮ ತಗ್ಗುಗಳಲ್ಲಿ ಗಾಳಿ ನಿಲ್ಲುವುದು. ಅಲ್ಯೂಮಿನಿಯಮ್ ಗಾಳಿಗಿಂತ ಸಾವಿರಾರು ಪಾಲು ಉತ್ತಮ ಶಾಖವಾಹಕ. ಆದುದರಿಂದ ಆ ಗಾಳಿಯನ್ನು ಹೊರದೂಡಲು ನಡುವೆ ಶಾಖವಾಹಕ ಲೇಪವನ್ನು ಹಚ್ಚಿರುತ್ತಾರೆ. ವರ್ಷಗಳುರುಳಿದಂತೆ ಲೇಪ ಒಣಗುವುದು; ರೆಕ್ಕೆಗಳ ಮೇಲೆ ಧೂಳು ಕಂಬಳಿಯಂತೆ ಕೂರುವುದು. ದಾರಿ ಮುಚ್ಚಿತು, ಜ್ವರ ಏರಿತು.

ಮದ್ದು ಸುಲಭವಾದುದು. ವಿದ್ಯುತ್ ತಂತಿಯನ್ನು ಕಳಚಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಪಂಖವು ತಿರುಗದಂತೆ ಹಿಡಿದು, ಮೃದುವಾದ ಒಣ ಕುಂಚದಿಂದ ಧೂಳನ್ನು ತೆಗೆಯಬೇಕು. ಎಷ್ಟೋ ಸಲ ಇಷ್ಟೇ ಸಾಕಾಗುವುದು. ಸಾಲದಿದ್ದರೆ ರೆಕ್ಕೆಗಳ ಅಚ್ಚನ್ನು ಮೆಲ್ಲಗೆ ಹೊರಳಿಸಿ ಬಿಡಿಸಿ, ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಆರಿದ ಮೇಲೆ ದಪ್ಪ ಜೋಳದ ಕಾಳಿನಷ್ಟು ಹೊಸ ಲೇಪವನ್ನು ನಡುವಿನಲ್ಲಿಡಬೇಕು. ಹೆಚ್ಚು ಹಚ್ಚಿದರೆ ಒಳ್ಳೆಯದೆಂಬುದು ಭ್ರಮೆ. ಲೇಪವು ಗಾಳಿಗಿಂತ ಮೇಲಾದರೂ ಲೋಹಕ್ಕಿಂತ ಬಹಳ ಕೀಳಾದ ವಾಹಕ. ಹಲ್ಲುಜ್ಜುವ ಪೇಸ್ಟನ್ನು ಬಳಸಬಾರದು. ಅದರ ನೀರು ಬೇಗನೆ ಆರಿ, ಜ್ವರ ಮರುಕಳಿಸುವುದು. ತಿರುಪುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಆದರೂ ಒಂದು ಮಿತಿಯುಂಟು. ಕೋಣೆಯ ಗಾಳಿ 40 ಡಿಗ್ರಿಯಿದ್ದರೆ ಯಾವ ಪಂಖವೂ ಪ್ರೊಸೆಸರನ್ನು ಅದಕ್ಕಿಂತ ತಣ್ಣಗಿಡಲಾರದು. ಭಾರಿ ಕೆಲಸವನ್ನು ಮುಂಜಾನೆಯ ತಂಪಿನಲ್ಲಿ ಮಾಡುವುದು ಲೇಸು. ಅದಕ್ಕೆ ಕಾಸಿನ ಖರ್ಚೂ ಇಲ್ಲ.

ನಮ್ಮ ಯುವ ವಾಚಕರಿಗೆ ನಾವು ಹೇಳುವುದಿಷ್ಟೆ: ಮೊದಲು ಕುಂಚ, ಅನಂತರ ಲೇಪ, ಕಟ್ಟಕಡೆಗೆ ಹಣದ ಚೀಲ.