ಬೀರುವಿಗೆ ಮಾರ್ಕ್ಸ್ ಕಾರ್ಡು, ರದ್ದಿಗೆ ಚಿತ್ರ

ನಮ್ಮ ಕಡೆಯ ಮನೆಗಳ ಹಾಲಿನಲ್ಲಿ ಟಿ.ವಿ.ಯ ಆಸುಪಾಸು ಒಂದು ಗಾಜಿನ ಶೋಕೇಸ್ ಇದ್ದೇ ಇರುತ್ತದೆ. ಚನ್ನಪಟ್ಟಣದ ಬೊಂಬೆ, ಯಾತ್ರೆಗೆ ಹೋದಾಗ ತಂದ ಶಂಖ, ಮದುವೆಗೆ ಯಾರೋ ಉಡುಗೊರೆ ಕೊಟ್ಟ ತಾಜಮಹಲು. ಇವೆಲ್ಲಕ್ಕಿಂತ ಮುಂದೆ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ, ಮಕ್ಕಳ ಕಪ್ಪುಗಳು, ಶೀಲ್ಡುಗಳು. ರಿಬ್ಬನ್ನು ಮಾಸಿದ ಮೆಡಲುಗಳು ಬಾಗಿಲ ಹಿಡಿಗೆ ಜೋತುಬಿದ್ದಿರುತ್ತವೆ. ಸರ್ಟಿಫಿಕೇಟುಗಳಿಗೆ ಇನ್ನೂ ಭದ್ರವಾದ ಜಾಗ: ಪ್ಲಾಸ್ಟಿಕ್ ಹಾಳೆಗಳ ಫೈಲಿನಲ್ಲಿ, ಮನೆಪತ್ರ ಮತ್ತು ಎಲ್‌ಐಸಿ ಬಾಂಡುಗಳ ಜೊತೆ, ಬೀರುವಿನೊಳಗೆ. ಅದೇ ಮಗು ನಾಲ್ಕು ವರ್ಷದ್ದಾಗಿದ್ದಾಗ ಬರೆದ ಅಮ್ಮನ ಚಿತ್ರ, ತಲೆಯಿಂದಲೇ ಕೈಕಾಲು ಹೊರಟ, ಮುಖದ ತುಂಬ ಹಲ್ಲೇ ಇರುವ ಅಮ್ಮ, ಎಲ್ಲಿ ಹೋಯಿತು ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ. ಕೆಲವು ದಿನ ಅಡುಗೆಮನೆಯ ಬಾಗಿಲಿಗೋ ಫ್ರಿಜ್ಜಿಗೋ ಅಂಟಿಕೊಂಡಿದ್ದು, ಯುಗಾದಿಗೆ ಧೂಳು ಹೊಡೆಯುವ ಹೊತ್ತಿಗೆ ಹಳೇ ಪೇಪರಿನ ಕಟ್ಟು ಸೇರಿರುತ್ತದೆ.

ಗೆದ್ದದ್ದಕ್ಕೆ ಗಾಜಿನ ಬಾಗಿಲು, ಗೀಚಿದ್ದಕ್ಕೆ ಸೆಲ್ಲೊ ಟೇಪು. ಈ ತಾರತಮ್ಯ ಹೇಗೆ ಬಂತು ಎಂದು ಹುಡುಕುತ್ತಾ ಹೋದರೆ ಬೊಲೋನ್ಯಾದ ಮಳೆ, ವಿಯೆನ್ನಾದ ತರಗತಿ, ದೆಹಲಿಯ ಒಂದು ವಾರಪತ್ರಿಕೆ, ನಮ್ಮದೇ ಹೆಗ್ಗಡದೇವನಕೋಟೆ ಎಲ್ಲವೂ ದಾರಿಯಲ್ಲಿ ಸಿಗುತ್ತವೆ.

ಮೊದಲಿಗೆ, ಇಟ್ಟುಕೊಳ್ಳುವ ಪ್ರಶ್ನೆಯೇ ಬಹುಕಾಲ ಇರಲಿಲ್ಲ. ಕೂಲಿಮಠದ ಮಕ್ಕಳು ಅಕ್ಷರ ತಿದ್ದಿದ್ದು ಮರಳಿನ ಮೇಲೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿದ ಕಡತದ ಮೇಲೆ ಬಳಪದಲ್ಲಿ ಬರೆಯುತ್ತಿದ್ದ ಕಾಲವದು. ಬೇಕಾದ್ದು ಉಳಿಯುತ್ತಿತ್ತು, ಬೇಡದ್ದನ್ನು ಒರಸಿ ಮತ್ತೆ ಬರೆಯುತ್ತಿದ್ದರು. ಆಮೇಲೆ ಸ್ಲೇಟು ಬಂತು. ಸ್ಲೇಟಿನ ಗುಣವೇ ಒರಸಿಕೊಳ್ಳುವುದು. ಇವತ್ತಿನ ಲೆಕ್ಕ ಉಳಿದರೆ ನಾಳೆಯ ಪಾಠಕ್ಕೆ ಜಾಗವಿಲ್ಲ. ಮಣ್ಣಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದ ಆನೆಗೆ ಮುಂದಿನ ಸುಣ್ಣ ಬಳಿಯುವವರೆಗೆ ಮಾತ್ರ ಆಯಸ್ಸು. ಹಾಗಾಗಿ ನಮ್ಮ ಅಜ್ಜ ಮುತ್ತಜ್ಜಂದಿರ ಬಾಲ್ಯದ ಕೈಬರಹವೋ ಚಿತ್ರವೋ ಯಾವ ಟ್ರಂಕಿನಲ್ಲೂ ಸಿಗುವುದಿಲ್ಲ. ಇಟ್ಟುಕೊಳ್ಳಲಾಗದಂಥ ಸಾಮಗ್ರಿಯ ಮೇಲೆಯೇ ಅವರ ಬಾಲ್ಯ ಬರೆಯಲ್ಪಟ್ಟಿತ್ತು.

ಬೇರೆ ದೇಶಗಳಲ್ಲೂ ಮಕ್ಕಳ ಹಳೆಯ ಚಿತ್ರಗಳು ಉಳಿದದ್ದು ಬಹುಮಟ್ಟಿಗೆ ಯಾರೋ ಜೋಪಾನ ಮಾಡಿದ್ದರಿಂದಲ್ಲ. ರಷ್ಯಾದ ನೋವ್ಗೊರೋದ್ ಪಟ್ಟಣದಲ್ಲಿ 1956ರಲ್ಲಿ ಉತ್ಖನನ ಮಾಡುತ್ತಿದ್ದವರಿಗೆ ಭೂರ್ಜ ಮರದ ತೊಗಟೆಯ ಚೂರುಗಳು ಸಿಕ್ಕವು. ಹದಿಮೂರನೇ ಶತಮಾನದ ನಡುಭಾಗದವು. ಒನ್ಫಿಮ್ ಎಂಬ ಹುಡುಗ, ವಯಸ್ಸು ಆರೇಳು ಇರಬಹುದು, ಚೂಪಾದ ಕಡ್ಡಿಯಿಂದ ತೊಗಟೆ ಗೀರಿ ಅಕ್ಷರಮಾಲೆ ಕಲಿಯುತ್ತಿದ್ದ. ಅವುಗಳಲ್ಲೊಂದನ್ನು ನೋಡಬೇಕು. ಮೂಲೆಯಲ್ಲಿ ಮೊದಲ ಕೆಲವು ಅಕ್ಷರಗಳಿವೆ, ಅಷ್ಟಕ್ಕೇ ಪಾಠ ನಿಂತಿದೆ. ಉಳಿದ ಜಾಗದಲ್ಲೆಲ್ಲ ಒಬ್ಬ ಕುದುರೆ ಸವಾರ, ನೆಲಕ್ಕೆ ಬಿದ್ದ ಶತ್ರುವಿಗೆ ಈಟಿ ಚುಚ್ಚುತ್ತಿದ್ದಾನೆ. ಸವಾರನ ಪಕ್ಕದಲ್ಲಿ ಹೆಸರು: ಒನ್ಫಿಮ್. ಬೇರೆ ಚೂರುಗಳಲ್ಲಿ ಸಾಲಾಗಿ ನಿಂತ ಮನುಷ್ಯರಿದ್ದಾರೆ, ಕೈಗಳು ಕುಂಟೆಯ ಹಾಗೆ, ಒಂದೊಂದು ಕೈಗೆ ಒಂದೊಂದು ಲೆಕ್ಕದ ಬೆರಳು. ಇನ್ನೊಂದರಲ್ಲಿ ವಿಚಿತ್ರ ಪ್ರಾಣಿಯೊಂದನ್ನು ಬರೆದು, ತಾನೇ ಆ ಕಾಡುಮೃಗ ಎಂದು ಘೋಷಿಸಿಕೊಂಡಿದ್ದಾನೆ. ಇವನ್ನು ಯಾರೂ ಎತ್ತಿಟ್ಟಿರಲಿಲ್ಲ. ಕಸವಾಗಿ ಬಿದ್ದದ್ದು ಗಾಳಿಯಾಡದ ಒದ್ದೆ ಜೇಡಿಯಲ್ಲಿ ಹೂತು, ಕೊಳೆಯದೆ ಏಳು ನೂರು ವರ್ಷ ಉಳಿಯಿತು.

ಡಾರ್ವಿನ್ ಮನೆಯ ಕಥೆ ಇದಕ್ಕಿಂತ ಸೊಗಸು. 1859ರಲ್ಲಿ ಜೀವಸಂಕುಲಗಳ ಉಗಮದ ಪುಸ್ತಕ ಅಚ್ಚಾದ ಮೇಲೆ ಅದರ ಹಸ್ತಪ್ರತಿ ಡಾರ್ವಿನ್ನರಿಗೆ ಬೇಡದ ಕಾಗದವಾಯಿತು. ಹಿಂಬದಿ ಖಾಲಿಯಿದ್ದ ಹಾಳೆಗಳು ಮಕ್ಕಳ ಕೈಗೆ ಹೋದವು. ಅವುಗಳ ಮೇಲೆ ಮಕ್ಕಳು ಹಕ್ಕಿ ಬರೆದರು, ಹೂವು ಬರೆದರು, ಹಣ್ಣು ತರಕಾರಿಗಳನ್ನೇ ಕುದುರೆಯಾಗಿ ಏರಿದ ಸೈನಿಕರ ಕಾಳಗ ಬರೆದರು. ಕ್ಯಾರೆಟ್ ಮೇಲೆ ಕುಳಿತು ಯುದ್ಧಕ್ಕೆ ಹೊರಟ ಆ ಸೈನಿಕನನ್ನು ಮಗ ಫ್ರಾನ್ಸಿಸ್ ಬರೆದಿರಬೇಕೆಂದು ತಿಳಿದವರು ಹೇಳುತ್ತಾರೆ. ನೂರಾರು ಹಾಳೆಗಳಿದ್ದ ಆ ಹಸ್ತಪ್ರತಿಯಲ್ಲಿ ಇಂದು ಉಳಿದಿರುವುದು ಹತ್ತಾರು ಹಾಳೆ ಮಾತ್ರ. ಅವುಗಳಲ್ಲಿ ಹಲವು ಉಳಿದಿರುವುದು ಬೆನ್ನ ಮೇಲೆ ಮಕ್ಕಳ ಚಿತ್ರವಿದ್ದ ಕಾರಣಕ್ಕೇ. ತನ್ನ ಜಗತ್ಪ್ರಸಿದ್ಧ ಪುಸ್ತಕದ ಹಾಳೆಯನ್ನು ಎಸೆಯಲು ಹಿಂಜರಿಯದ ಮನೆ ಕ್ಯಾರೆಟ್ ಸವಾರನನ್ನು ಎಸೆಯಲಾರದೆ ಇಟ್ಟುಕೊಂಡಿತು. ಇದನ್ನು ಓದಿದಾಗಿನಿಂದ ಆ ಮನೆಯ ಮೇಲೆ ನನಗೆ ವಿಶೇಷ ಗೌರವ.

ಆದರೂ ಅದು ಒಂದು ಮನೆಯ ಪ್ರೀತಿ. ಮಕ್ಕಳ ಚಿತ್ರ ಜೋಪಾನ ಮಾಡಲು ಯೋಗ್ಯವಾದ ವಸ್ತು ಎಂದು ಲೋಕಕ್ಕೆ ಹೊಳೆದದ್ದು ಇನ್ನೂ ಆಮೇಲೆ. ಇಟಲಿಯ ಕಲಾ ಇತಿಹಾಸಕಾರ ಕೊರಾಡೊ ರಿಚ್ಚಿ ಒಂದು ಚಳಿಗಾಲದಲ್ಲಿ ಮಳೆಗೆ ಸಿಕ್ಕಿ ಬೊಲೋನ್ಯಾದ ಕಮಾನು ಸಾಲಿನ ಕೆಳಗೆ ನಿಂತಿದ್ದರು. ಗೋಡೆಯ ತುಂಬ ಬರಹ, ಚಿತ್ರ. ಮೇಲೆ ದೊಡ್ಡವರದು, ಕೆಳಗೆ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ, ಮಕ್ಕಳದು. ರಿಚ್ಚಿಯವರ ಕಣ್ಣು ಕೆಳಗಿನ ಸಾಲಿನಲ್ಲಿ ನಿಂತಿತು. ಮಕ್ಕಳ ಕಲೆಯ ಬಗ್ಗೆ ಅವರ ಪುಟ್ಟ ಪುಸ್ತಕ 1887ರಲ್ಲಿ ಹೊರಬಂತು. ಹತ್ತು ವರ್ಷದ ನಂತರ, 1897ರಲ್ಲಿ, ವಿಯೆನ್ನಾದಲ್ಲಿ ಫ್ರಾನ್ಜ್ ಚಿಜೆಕ್ ಮಕ್ಕಳಿಗಾಗಿ ಕಲಾ ತರಗತಿ ತೆರೆದರು. ಹೂದಾನಿ ನೋಡಿ ಹೂದಾನಿಯನ್ನೇ ನಕಲು ಮಾಡಿಸುವ ಅಂದಿನ ಪದ್ಧತಿಯನ್ನು ಬಿಟ್ಟು, ಮಗು ತಾನು ಕಂಡದ್ದನ್ನು ತನಗೆ ಕಂಡ ಹಾಗೆ ಬರೆಯಲಿ ಎಂದರು. ಆ ಮಕ್ಕಳ ಚಿತ್ರಗಳು ಮೊದಲನೇ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಪ್ರದರ್ಶನಗೊಂಡವು, ಯುದ್ಧದಲ್ಲಿ ನೊಂದ ಮಕ್ಕಳಿಗೆ ನೆರವು ಕೂಡಿಸಿದವು. ಇವತ್ತು ಶಾಲೆಯ ಗೋಡೆಯಲ್ಲೋ ಮನೆಯ ಗೋಡೆಯಲ್ಲೋ ಮಗುವಿನ ಚಿತ್ರ ಅಂಟಿಸುವ ಯಾರೇ ಆದರೂ, ಹೆಸರು ಕೇಳದಿದ್ದರೂ, ಚಿಜೆಕರ ದಾರಿಯಲ್ಲೇ ಇದ್ದಾರೆ.

ಚಿಜೆಕರ ಬಳಿ ಕಲಿತವರಲ್ಲಿ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಒಬ್ಬರು. ಆಮೇಲೆ ಬೌಹೌಸ್ ಕಲಾಶಾಲೆಯಲ್ಲೂ ಓದಿದ ಈ ಕಲಾವಿದೆಯನ್ನು ನಾಜಿಗಳು 1942ರ ಡಿಸೆಂಬರಿನಲ್ಲಿ ತೆರೆಜಿನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಆಕೆ ಮಕ್ಕಳಿಗೆ ಚಿತ್ರ ಕಲಿಸಿದರು. ಕಾಗದ ಎಲ್ಲಿಂದ ಬರಬೇಕು? ಕಚೇರಿಯ ಫಾರಮುಗಳ ಹಿಂಬದಿ, ಪೊಟ್ಟಣ ಕಟ್ಟುವ ಕಾಗದ, ಸಿಕ್ಕಿದ್ದೆಲ್ಲ ಆಯಿತು. ಸೆರೆಯಲ್ಲಿ ಮಗುವೂ ಒಂದು ನಂಬರ್. ಚಿತ್ರದ ಕೆಳಗೆ ಮಾತ್ರ ತನ್ನ ಹೆಸರು ಬರೆಯಬೇಕೆಂದು ಆಕೆ ಹೇಳಿಕೊಡುತ್ತಿದ್ದರು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್‌ವಿಟ್ಜ್‌ಗೆ ಒಯ್ದು ಕೊಂದರು. ಹೋಗುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಪ್ರಾಗ್ ಸೇರಿದವು, ಈಗ ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಬರೆದ ಮಕ್ಕಳಲ್ಲಿ ಬಹುಪಾಲು ಬದುಕಿ ಉಳಿಯಲಿಲ್ಲ. ಮನೆ, ಊಟದ ಮೇಜು, ಚಿಟ್ಟೆ, ಹೂದೋಟ, ಜೊತೆಗೆ ಒಂದು ಹೆಸರು. ಎಷ್ಟೋ ಮಕ್ಕಳ ಪಾಲಿಗೆ ಅವರು ಭೂಮಿಯ ಮೇಲಿದ್ದರೆಂಬುದಕ್ಕೆ ಉಳಿದಿರುವುದು ಇಷ್ಟು.

ನಮ್ಮ ನಾಡಿಗೆ ಬರೋಣ. ಮೈಸೂರಿನ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿ ಕಿರಿಯ ಮಗ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಚಿತ್ರ ಬರೆಯುತ್ತಿದ್ದ. ಶಾಲೆಯಲ್ಲಿ ಅವನು ಬರೆದ ಅಶ್ವತ್ಥದ ಎಲೆಯನ್ನು ಮೇಷ್ಟರು ಮೆಚ್ಚಿ ಹೊಗಳಿದರು. ಆ ಒಂದು ಮೆಚ್ಚುಗೆಯಿಂದಲೇ ತಾನು ಚಿತ್ರಗಾರನಾಗುತ್ತೇನೆ ಎಂಬ ನಂಬಿಕೆ ಮೂಡಿತೆಂದು ಆರ್.ಕೆ. ಲಕ್ಷ್ಮಣ್ ಮುಂದೆ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅದಕ್ಕೆ ಬಹುಮಾನವಿರಲಿಲ್ಲ, ಕಪ್ಪಿರಲಿಲ್ಲ. ಒಬ್ಬ ಮೇಷ್ಟರು ಎಲೆಯನ್ನು ನೋಡಿದರು, ಅಷ್ಟೆ.

ಬಹುಮಾನದ ಕಾಲ ಸ್ವಾತಂತ್ರ್ಯದ ಬೆನ್ನಿಗೆ ಬಂತು. ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೈ ದೆಹಲಿಯಲ್ಲಿ ಶಂಕರ್ಸ್ ವೀಕ್ಲಿ ನಡೆಸುತ್ತಿದ್ದರು. 1949ರಲ್ಲಿ ಅವರು ಮಕ್ಕಳ ಚಿತ್ರಸ್ಪರ್ಧೆ ಆರಂಭಿಸಿದರು. ಬೇಗನೆ ಅದು ಹಲವು ದೇಶಗಳ ಮಕ್ಕಳ ಸ್ಪರ್ಧೆಯಾಯಿತು. 1952ರಿಂದ ಮಕ್ಕಳನ್ನು ಒಂದೆಡೆ ಕೂರಿಸಿ ಸ್ಥಳದಲ್ಲೇ ಚಿತ್ರ ಬರೆಸುವ ಸ್ಪರ್ಧೆಯೂ ಸೇರಿತು. ಇವತ್ತು ಗಣೇಶೋತ್ಸವದ ಪೆಂಡಾಲಿನಿಂದ ಹಿಡಿದು ಅಪಾರ್ಟ್‌ಮೆಂಟಿನ ರಾಜ್ಯೋತ್ಸವದವರೆಗೆ ನಡೆಯುವ ಚಿತ್ರಸ್ಪರ್ಧೆಗಳಿಗೆಲ್ಲ ಅದು ಹಿರಿಯಣ್ಣ. ಶಂಕರ್ ಮಾಡಿದ್ದು ದೊಡ್ಡ ಕೆಲಸ: ಮಕ್ಕಳ ಚಿತ್ರ ಅಚ್ಚಿಗೆ ಯೋಗ್ಯ, ದೇಶದ ಪ್ರಧಾನಿ ನಿಂತು ನೋಡಲು ಯೋಗ್ಯ ಎಂದು ತೋರಿಸಿದರು. ಆದರೆ ಆ ಮಾದರಿ ಬೀದಿಬೀದಿಗೆ ಹರಡುವಾಗ ಚಿತ್ರ ಸಂಘಟಕರ ಬಳಿಯೇ ಉಳಿದು, ಮಗುವಿನ ಕೈಗೆ ಮನೆಗೆ ಬಂದದ್ದು ಸರ್ಟಿಫಿಕೇಟು ಮಾತ್ರ. ಬರೆದದ್ದು ಅಲ್ಲಿ, ಬರೆದನೆಂಬ ಪುರಾವೆ ಇಲ್ಲಿ. ಕೊನೆಗೆ ಮಕ್ಕಳೂ ಪುರಾವೆಗಾಗಿಯೇ ಬರೆಯತೊಡಗಿದರು. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಹೊಳೆ, ದಡದಲ್ಲಿ ಹೆಂಚಿನ ಮನೆ, ವಾಲಿದ ತೆಂಗಿನಮರ: ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಚಿತ್ರ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಗುವೂ ಅದನ್ನೇ ಬರೆಯುತ್ತದೆ, ಬಹುಮಾನ ಬರುವುದು ಅದಕ್ಕೆ ಎಂದು ಯಾರೋ ಹೇಳಿಕೊಟ್ಟಿರುವುದರಿಂದ.

ಸರ್ಕಾರಿ ಶಾಲೆಗಳು ಈ ವಿಷಯದಲ್ಲಿ ಮನೆಗಳಿಗಿಂತ ಮುಂದಿವೆ ಎಂದು ಹೇಳಲೇಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ನಲಿ-ಕಲಿ ಕೊಠಡಿಗೆ ಹೋದವರು ತಲೆಯೆತ್ತಿ ನೋಡಿರುತ್ತಾರೆ: ಸೂರಿನ ಕೆಳಗೆ ಅಡ್ಡಡ್ಡ ಉದ್ದುದ್ದ ದಾರ ಕಟ್ಟಿ ಚಪ್ಪರ ಮಾಡಿ, ಅದರಿಂದ ಮಕ್ಕಳು ಬರೆದದ್ದು, ಕತ್ತರಿಸಿದ್ದು, ಮಡಿಚಿದ್ದು ತೂಗುಬಿಟ್ಟಿರುತ್ತಾರೆ. ಮೊದಲ ಬಹುಮಾನ, ಎರಡನೇ ಬಹುಮಾನ ಎಂಬ ಚೀಟಿ ಅಲ್ಲಿಲ್ಲ. ಸೊಟ್ಟ ಮೀನೂ ನೆಟ್ಟಗಿನ ಮೀನೂ ಒಂದೇ ದಾರದಲ್ಲಿ. ಫ್ಯಾನ್ ಗಾಳಿಗೆ ಅವು ತಿರುಗುವಾಗ ಮಗು ತನ್ನದನ್ನು ಎಷ್ಟು ದೂರದಿಂದಲೂ ಗುರುತು ಹಿಡಿಯುತ್ತದೆ. ಹಾಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹುರಿ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರೆ ಇದೇ ವ್ಯವಸ್ಥೆ ಮನೆಗೂ ಬಂತು. ಗೋಡೆಗೆ ಮೊಳೆ ಬೇಡ, ಬಾಡಿಗೆ ಮನೆಯ ಮಾಲೀಕರ ತಕರಾರೂ ಇಲ್ಲ. ಹೊಸದು ಬಂದಾಗ ಹಳೆಯದು ಇಳಿಯುತ್ತದೆ.

ಇಳಿದದ್ದನ್ನು ಎಲ್ಲಿಡುವುದು ಎಂಬುದೇ ನಿಜವಾದ ಕಷ್ಟ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದು ಮಳೆಗಾಲ ಕಳೆದರೆ ಕಾಗದಕ್ಕೆ ಬೂಷ್ಟು, ಬಯಲುಸೀಮೆಯಲ್ಲಿ ಗೆದ್ದಲು. ಅಗ್ಗದ ಡ್ರಾಯಿಂಗ್ ಹಾಳೆಯಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಬೆಳಕು, ಗಾಳಿ ತಾಕಿದಂತೆ ಹಳದಿಗಟ್ಟಿ ಮುರುಟುತ್ತದೆ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬಹಳ ಬೇಗ ಮಾಸುತ್ತದೆ, ಪೆನ್ಸಿಲ್ಲು ಬಹುಕಾಲ ಬಾಳುತ್ತದೆ, ಕ್ರೆಯಾನೂ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಶತ್ರು ಸೆಲ್ಲೊ ಟೇಪು: ಅದರ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ, ಆಮೇಲೆ ಹೋಗುವುದಿಲ್ಲ. ಅಕ್ಕಿ, ಬೇಳೆ, ರಾಗಿ ಅಂಟಿಸಿ ಮಾಡಿದ ಚಿತ್ರಗಳಿಗೆ ಹುಳ ಬರುವುದು ಖಂಡಿತ, ಅವುಗಳ ಫೋಟೊ ತೆಗೆದಿಟ್ಟುಕೊಳ್ಳುವುದೇ ಸರಿ. ಉಳಿದವನ್ನು ಸುರುಳಿ ಸುತ್ತದೆ, ಮಡಿಚದೆ, ಚಪ್ಪಟೆಯಾಗಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ನೆಲದಿಂದ ಎತ್ತರದ ಒಣ ಜಾಗದಲ್ಲಿಟ್ಟರೆ ಸಾಕು. ಎಲ್ಲವನ್ನೂ ಇಡಬೇಕೆಂದಿಲ್ಲ. ವರ್ಷಕ್ಕೆ ಹತ್ತು ಹನ್ನೆರಡು, ಆರಿಸುವಾಗ ಮಗುವೂ ಜೊತೆಗಿರಲಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖು, ಜೊತೆಗೆ ಅದು ಏನೆಂದು ಮಗು ಹೇಳಿದ ಮಾತು. ದೊಡ್ಡವರ ಕಣ್ಣಿಗೆ ಬರೀ ಸುರುಳಿ ಗೆರೆಯಾಗಿರುವುದು ಮಗುವಿಗೆ ಅಜ್ಜಿ ಊರಿಗೆ ಹೋದ ಬಸ್ಸಾಗಿರಬಹುದು. ಆ ಮಾತು ಬರೆದಿಡದಿದ್ದರೆ ಒಂದೆರಡು ವರ್ಷದಲ್ಲಿ ಬರೆದ ಮಗುವೇ ಮರೆತಿರುತ್ತದೆ.

ಬೀರುವಿನಲ್ಲಿ ಜಾಗವೆಲ್ಲಿ ಎನ್ನುವವರಿಗೆ ಒಂದು ಮಾತು. 2015ರಲ್ಲಿ ಡಿಜಿಲಾಕರ್ ಬಂದ ಮೇಲೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಂಥ ದಾಖಲೆಗಳನ್ನು ಸರ್ಕಾರವೇ ಕಾಯುತ್ತಿದೆ. ಕಳೆದರೂ ಮಂಡಳಿಗೆ ಅರ್ಜಿ ಹಾಕಿದರೆ ಎರಡನೇ ಪ್ರತಿ ಸಿಗುತ್ತದೆ. ಹಲ್ಲು ತುಂಬಿದ ಅಮ್ಮನ ಚಿತ್ರಕ್ಕೆ ಎರಡನೇ ಪ್ರತಿ ಕೊಡುವ ಮಂಡಳಿ ಯಾವುದೂ ಇಲ್ಲ. ಕಾಯುವ ಕೆಲಸ ಮನೆಯದೇ.

ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂಥ ಒಂದು ಮನೆಯಿತ್ತು. ಮ್ಯೂನಿಕ್‌ನಲ್ಲಿ ಕಲಾ ಶಿಕ್ಷಣ ಮುಗಿಸಿ ಬಂದ ಮಗ 1902ರಲ್ಲಿ ಹಳೆಯ ಸಾಮಾನಿನ ನಡುವೆ ತನ್ನ ಬಾಲ್ಯದ ಚಿತ್ರಗಳನ್ನು ಕಂಡ. ತಾನು ಈವರೆಗೆ ಮಾಡಿದ್ದರಲ್ಲಿ ಇವೇ ಮುಖ್ಯವೆನಿಸುವಷ್ಟು ಸಂಭ್ರಮದಿಂದ, ಮದುವೆಯಾಗಲಿದ್ದ ಹುಡುಗಿಗೆ ಅವುಗಳ ಬಗ್ಗೆ ಪತ್ರ ಬರೆದ. 1911ರಲ್ಲಿ ತನ್ನ ಕೃತಿಗಳ ಪಟ್ಟಿಯನ್ನು ಕೈಬರಹದಲ್ಲಿ ತಯಾರಿಸಲು ಕುಳಿತಾಗ ಪಾಲ್ ಕ್ಲೀ ಅಕಾಡೆಮಿಯ ದಿನಗಳ ಅಭ್ಯಾಸ ಚಿತ್ರಗಳನ್ನು ಹೊರಗಿಟ್ಟರು. ಪಟ್ಟಿಯ ತಲೆಯಲ್ಲಿ, ಮೊದಲ ನಂಬರಿನಿಂದಲೇ, ಪುಟ್ಟ ಹುಡುಗನಾಗಿದ್ದಾಗ ಗೀಚಿದ ಚಿತ್ರಗಳನ್ನು ದಾಖಲಿಸಿದರು.