ಮಾಡಬಲ್ಲವರೆಲ್ಲ ಕಲಿಸಬಲ್ಲರೇ?

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರು ಹೋಳಿಗೆ ತಟ್ಟಿದರೆ ಎಲೆಯಷ್ಟು ತೆಳು, ಅಂಚಿನವರೆಗೂ ಹೂರಣ. ಹೊಸ ಸೊಸೆ ಪಕ್ಕದಲ್ಲಿ ನಿಂತು, "ಕಣಕಕ್ಕೆ ಎಷ್ಟು ನೀರು ಅತ್ತೆ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಅದಕ್ಕೇನು ಅಳತೆ ಹೇಳಲಿ, ಕೈಗೇ ಗೊತ್ತಾಗುತ್ತೆ ಕಣೇ." ತನ್ನ ಕೈಗೆ ಅದು ಯಾವಾಗ ಗೊತ್ತಾದೀತೋ ಎಂದು ಕಾಯುತ್ತಾ ಪಾಪ, ಸೊಸೆ ನಾಲ್ಕು ಯುಗಾದಿ ಕಳೆಯುತ್ತಾಳೆ.

ಹೋಳಿಗೆ ಕೆಟ್ಟರೆ ಹೂರಣವನ್ನಾದರೂ ತಿನ್ನಬಹುದು. ಆದರೆ ಹೃದಯ ನಿಂತು ಬಿದ್ದವರ ಎದೆ ಒತ್ತಿ ಜೀವ ಹಿಡಿದಿಡುವ ವಿದ್ಯೆಯನ್ನು ಹೀಗೆ "ಕೈಗೇ ಗೊತ್ತಾಗುತ್ತೆ" ಎಂದು ಕಲಿಸಿದರೆ ಗತಿಯೇನು, ನೀವೇ ಹೇಳಿ. ರಕ್ತ ಹೋಗದಿದ್ದರೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಹಾನಿ ಶುರುವಾಗುತ್ತದೆ. ಯಾರೂ ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ ಎನ್ನುತ್ತಾರೆ ವೈದ್ಯರು.

ಬೆಂಗಳೂರಿನಲ್ಲೇನು, ಆಸ್ಪತ್ರೆ ಪಕ್ಕದಲ್ಲೇ ಇರುತ್ತೆ ಅಂತೀರಾ? ಚಾಮರಾಜಪೇಟೆಯವರಿಗೆ ವಿಕ್ಟೋರಿಯಾ, ವಾಣಿ ವಿಲಾಸ ಎರಡೂ ಹತ್ತಿರ. ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಇದೆ. ಆದರೆ ಕಡಲೆಕಾಯಿ ಪರಿಷೆಯ ದಿನ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ನಿಂತು ನೋಡಿ, ಆಂಬುಲೆನ್ಸ್ ನಾಲ್ಕು ನಿಮಿಷದಲ್ಲಿ ಬಂದೀತೇ ಎಂದು. ಬೆಂಗಳೂರಿನ ಪಾಡೇ ಹೀಗಿರುವಾಗ ನಿಮ್ಮ ತಾಲ್ಲೂಕಿನ ಮಾತು ಬೇರೆ ಹೇಳಬೇಕೇ? ಆ ನಾಲ್ಕು ನಿಮಿಷ ಮನೆಯಲ್ಲಿರುವವರ ಕೈಯಲ್ಲಿ. ಹಗಲುಹೊತ್ತು ಮನೆಯಲ್ಲಿ ಇರುವವರು ಹೆಚ್ಚಾಗಿ ನಾವೇ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ನಮ್ಮನ್ನು ಅಗಲಿದಾಗ ಕರ್ನಾಟಕದ ಮನೆಮನೆಯಲ್ಲೂ ಹೃದಯದ ಮಾತು ಬಂತು. ಎದೆ ಒತ್ತುವುದನ್ನು ಕಲಿಯಬೇಕು ಎಂದು ಎಷ್ಟೋ ಜನಕ್ಕೆ ಅನ್ನಿಸಿತು. ಸರಿ, ಕಲಿಸುವವರು ಯಾರು?

ನಮ್ಮ ರಾಜ್ಯದಲ್ಲಿ 108ರ 'ಆರೋಗ್ಯ ಕವಚ' ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರ್ 1ರಂದು. ಅದರ ಹಿಂದಿದ್ದ ಇಎಂಆರ್‌ಐ ಸಂಸ್ಥೆ 2005ರಲ್ಲೇ ಹೈದರಾಬಾದಿನಲ್ಲಿ ಈ ಕೆಲಸ ಆರಂಭಿಸಿತ್ತು. ಗಾಡಿ ಕೊಳ್ಳುವುದು ದುಡ್ಡಿನ ಮಾತು. ಗಾಡಿಯೊಳಗೆ ಕೂತು ಚಿಕಿತ್ಸೆ ಕೊಡುವವರು ಸಾವಿರಗಟ್ಟಲೆ ಬೇಕಲ್ಲ! ಅಷ್ಟು ಜನಕ್ಕೂ ದೊಡ್ಡ ಡಾಕ್ಟರುಗಳೇ ಪಾಠ ಹೇಳುತ್ತಾ ಕೂರಲು ಆಗುತ್ತದೆಯೇ? 2007ರಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಹೈದರಾಬಾದಿಗೆ ಬಂದು ಅಲ್ಲಿನವರಿಗೆ ಚಿಕಿತ್ಸೆಯ ಪಾಠ ಹೇಳಿದರು. ಜೊತೆಗೆ ಅವರಲ್ಲೇ ಕೆಲವರನ್ನು ಕಲಿಸುವವರನ್ನಾಗಿಯೂ ತಯಾರು ಮಾಡಿದರು. ಒಂದು ದೀಪದಿಂದ ಇನ್ನೊಂದು ಹಚ್ಚುವ ಉಪಾಯ. ನಮ್ಮ ಬಸವನಗುಡಿಯ ಪಕ್ಕದ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೊತೆ ಸೇರಿ 'ಜೀವ ರಕ್ಷಾ ಟ್ರಸ್ಟ್' ಕಟ್ಟಿ ತುರ್ತು ಚಿಕಿತ್ಸೆಯ ತರಬೇತಿಗೆ ಕೈಹಾಕಿದೆ.

ಕಲಿಸುವವರಾಗಲು ಚೆನ್ನಾಗಿ ಮಾಡಲು ಬಂದರೆ ಸಾಲದು. ಲೋಕದಲ್ಲಿ ಹೆಸರಾದ ತುರ್ತು ಚಿಕಿತ್ಸೆಯ ಕೋರ್ಸುಗಳಲ್ಲಿ ಮೊದಲು ಮಾಡುವ ಪರೀಕ್ಷೆ ಪಾಸಾಗಬೇಕು. ಆಮೇಲೆ ಕಲಿಸುವುದನ್ನು ಕಲಿಸುವ ಇನ್‌ಸ್ಟ್ರಕ್ಟರ್ ಕೋರ್ಸ್ ಬೇರೆ. ಅದೂ ಮುಗಿದ ಮೇಲೆ ಹಿರಿಯರೊಬ್ಬರ ಕಣ್ಣೆದುರು ಪಾಠ ಮಾಡಿ ತೋರಿಸಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಇನ್‌ಸ್ಟ್ರಕ್ಟರ್ ಆದವರು ಎರಡು ವರ್ಷದಲ್ಲಿ ಕನಿಷ್ಠ 4 ಕೋರ್ಸುಗಳಲ್ಲಿ ಕಲಿಸಿರಲೇಬೇಕು. ಇಲ್ಲದಿದ್ದರೆ ಅವರ ಕಾರ್ಡು ನವೀಕರಣವಾಗುವುದಿಲ್ಲ.

ಚಾಮರಾಜಪೇಟೆಯ ಒಂದು ಸಭಾಂಗಣದಲ್ಲಿ ಇಂಥ ತರಗತಿಯ ಮೂಲೆಯಲ್ಲಿ ಕೂತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಹತ್ತು ಹನ್ನೆರಡು ಜನ: ನರ್ಸುಗಳು, ಆಂಬುಲೆನ್ಸಿನವರು, ಇಬ್ಬರು ಎಳೆಯ ಡಾಕ್ಟರುಗಳು. ಎಲ್ಲರೂ ಪಳಗಿದ ಕೈಗಳೇ. ನೆಲದ ಮೇಲೆ ಒಂದು ಗೊಂಬೆ. ಒಬ್ಬರು ಏನೂ ಅರಿಯದ ಗೃಹಿಣಿಯ ಹಾಗೆ ನಟಿಸಬೇಕು, ಇನ್ನೊಬ್ಬರು ಆಕೆಗೆ ಐದು ನಿಮಿಷದಲ್ಲಿ ಎದೆ ಒತ್ತುವುದನ್ನು ಕಲಿಸಬೇಕು.

ವರ್ಷಗಟ್ಟಲೆ ಕ್ಯಾಶುವಾಲ್ಟಿಯಲ್ಲಿ ದುಡಿದ ಸಿಸ್ಟರ್ ಒಬ್ಬರು ಎದ್ದರು. "ಸ್ಟರ್ನಮ್ ಮೇಲೆ ಕಂಪ್ರೆಷನ್..." ಎಂದು ಶುರುಮಾಡಿದರು. ಹಿರಿಯ ಬೋಧಕಿ ತಡೆದು, "ಇವರು ಅಡುಗೆಮನೆಯಿಂದ ಬಂದವರು ಸಿಸ್ಟರ್, ಅವರ ಮಾತಿನಲ್ಲಿ ಹೇಳಿ" ಎಂದರು. ಸಿಸ್ಟರ್ ಒಂದು ಗಳಿಗೆ ಯೋಚಿಸಿದರು. "ಎದೆ ಮಧ್ಯೆ ಮೂಳೆ ಇದೆಯಲ್ಲಮ್ಮ, ಅದರ ಕೆಳಗಿನ ಅರ್ಧ. ಚಪಾತಿ ಹಿಟ್ಟು ನಾದೋವಾಗ ಅಂಗೈ ಬುಡ ಊರ್ತೀರಲ್ಲ, ಹಾಗೆ ಊರಿ. ಇನ್ನೊಂದು ಕೈ ಅದರ ಮೇಲಿಡಿ." ಚೆನ್ನಾಗಿತ್ತು. ಆದರೆ ಶಿಷ್ಯೆ ಮೊಣಕೈ ಮಡಿಸಿದ್ದೇ ತಡ, ಸಿಸ್ಟರ್ ಅವರ ಕೈ ಸರಿಸಿ ತಾವೇ ಒತ್ತತೊಡಗಿದರು!

ನಾವೂ ಹಾಗೆಯೇ ಅಲ್ಲವೇ? ಮಗಳು ಚಪಾತಿ ಸೊಟ್ಟಗೆ ಲಟ್ಟಿಸಿದರೆ, "ಬಿಡು ಇತ್ಲಾಗೆ" ಎಂದು ಲಟ್ಟಣಿಗೆ ಕಿತ್ತುಕೊಳ್ಳುತ್ತೇವೆ.

ಬೋಧಕಿ ಗದರಲಿಲ್ಲ. "ಸಿಸ್ಟರ್, ಈಗ ಕೆಲಸ ಆಯಿತು, ಆದರೆ ಆಕೆ ಕಲಿಯಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಬಾಯಲ್ಲೇ ತಿದ್ದಿ" ಎಂದರು. ಆ ಸಿಸ್ಟರ್ ಪಟ್ಟ ಕಷ್ಟ ನೋಡಬೇಕಿತ್ತು ನೀವು! ಕೈ ತಾನಾಗಿ ಮುಂದೆ ಬರುತ್ತಿತ್ತು, ಮತ್ತೆ ಹಿಂದೆ ಎಳೆದುಕೊಳ್ಳುತ್ತಿದ್ದರು. "ಮೊಣಕೈ ನೆಟ್ಟಗೆ ಮಾಡಿ ಅಮ್ಮ... ಭುಜದ ಭಾರ ಬಿಡಿ... ಹಾಂ, ಹಾಗೇ." ಮೂರನೇ ಸಲಕ್ಕೆ ಗೊಂಬೆಯ ಎದೆ ಸರಿಯಾಗಿ ತಗ್ಗಿ ಎದ್ದಿತು.

ಕಲಿಸಲು ಅಲ್ಲಿ ಅನುಸರಿಸಿದ ಕ್ರಮವನ್ನು ಅಡುಗೆಗೂ ಹಚ್ಚಬಹುದು. ರಾಡ್ನಿ ಪೇಟನ್ ಎಂಬ ಶಸ್ತ್ರವೈದ್ಯರ ಹೆಸರಿನಲ್ಲಿ ಅದು ಪ್ರಸಿದ್ಧ. ಮೊದಲು ಮಾತಿಲ್ಲದೆ, ನಿಜವಾದ ವೇಗದಲ್ಲಿ ಮಾಡಿ ತೋರಿಸುವುದು. ಎರಡನೆಯ ಸಲ ನಿಧಾನವಾಗಿ, ವಿವರಿಸುತ್ತಾ. ಮೂರನೆಯದೇ ಸೊಗಸು: ಕಲಿಯುವವರು ಹೇಳುತ್ತಾ ಹೋಗಬೇಕು, ಕಲಿಸುವವರು ಅವರು ಹೇಳಿದಷ್ಟನ್ನೇ ಮಾಡಬೇಕು. ಏನು ಮರೆತರು ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ. ನಾಲ್ಕನೆಯ ಸಲ ಹೇಳುವುದು, ಮಾಡುವುದು ಎರಡೂ ಕಲಿಯುವವರದೇ.

ಆ ಗೊಂಬೆಯ ಕಥೆಯನ್ನೂ ಹೇಳಿಬಿಡುತ್ತೇನೆ. 1960ರಲ್ಲಿ ಅದನ್ನು ಮಾಡಿದವರು ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್. ಅದರ ಮುಖ ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಮುಳುಗಿ ಸತ್ತಳೆನ್ನುವ ಒಬ್ಬ ಅನಾಮಿಕ ಹುಡುಗಿಯದಂತೆ. ಯಾರೂ ಉಳಿಸದೆ ಹೋದ ಹುಡುಗಿಯ ಮುಖದ ಮುಂದೆ ಕೂತು ಲೋಕವೆಲ್ಲ ಜೀವ ಉಳಿಸುವುದನ್ನು ಕಲಿಯುತ್ತಿದೆ.

ನಿಮ್ಮೂರಿಗೆ ಬರೋಣ. ತಾಲ್ಲೂಕು ಆಸ್ಪತ್ರೆಯ ನರ್ಸು, 108ರಲ್ಲಿ ಬರುವ ಹುಡುಗ ಅಥವಾ ಹುಡುಗಿ, ಇವರಲ್ಲಿ ಯಾರಾದರೂ ಇನ್‌ಸ್ಟ್ರಕ್ಟರ್ ಆದರೆ ವರ್ಷಕ್ಕೆ ನೂರಾರು ಮನೆಗಳಿಗೆ ಈ ವಿದ್ಯೆ ಮುಟ್ಟುತ್ತದೆ. ಮಹಿಳಾ ಸಮಾಜದಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ, ಜಿಲ್ಲೆಯ ರೆಡ್‌ಕ್ರಾಸ್ ಶಾಖೆಗೆ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿಗೆ ಒಂದು ಅರ್ಜಿ ಬರೆಯಿರಿ. ಬರೆಯುವಾಗ ಸಂಕೋಚಪಡದೆ ಕೇಳಿ: ಬರುವವರು ಕಲಿಸುವ ತರಬೇತಿ ಪಡೆದವರೇ? ಗೊಂಬೆಗಳು ಎಷ್ಟು? ಪ್ರತಿಯೊಬ್ಬರ ಕೈಗೂ ಗೊಂಬೆ ಸಿಗುತ್ತದೆಯೇ? ವೇದಿಕೆಯ ಮೇಲೆ ಒಬ್ಬರು ಒತ್ತಿ ತೋರಿಸಿ, ನಾವು ಇನ್ನೂರು ಜನ ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಬರುವ ಕಾರ್ಯಕ್ರಮ ಬೇಡವೇ ಬೇಡ. ಇನ್ನೂರು ಜನರ ಬದಲು ಇಪ್ಪತ್ತೇ ಜನ ಸೇರಿದರೂ ಚಿಂತೆಯಿಲ್ಲ.

ಸಾಮಾನ್ಯರಿಗಾಗಿ ಭಾರತೀಯ ಅರಿವಳಿಕೆ ತಜ್ಞರು 2017ರಲ್ಲಿ ರೂಪಿಸಿದ ಕ್ರಮ ಬಹಳ ಸರಳ. ಬಿದ್ದವರು ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಫೋನು ಮಾಡಿಸಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಆಂಬುಲೆನ್ಸ್ ಬರುವವರೆಗೂ ಎದೆ ಒತ್ತುತ್ತಲೇ ಇರುವುದು. ವಯಸ್ಕರಾದರೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 120 ಸಲ. ಬಾಯಿಗೆ ಬಾಯಿಟ್ಟು ಊದಬೇಕಾಗಿಲ್ಲ. ಇದನ್ನು ಓದಿದ ಮಾತ್ರಕ್ಕೆ ಬಂತು ಎಂದುಕೊಳ್ಳಬೇಡಿ. ಆ ಆಳ ಎಷ್ಟೆಂದು ಗೊಂಬೆಯ ಮೇಲೆ ಒತ್ತಿಯೇ ತಿಳಿಯಬೇಕು. ಎರಡು ನಿಮಿಷಕ್ಕೇ ತೋಳು ಸೋತುಹೋಗುತ್ತದೆ, ಹಾಗಾಗಿ ಸರದಿಗೆ ಪಕ್ಕದ ಮನೆಯವರೂ ಕಲಿತಿದ್ದರೆ ಒಳ್ಳೆಯದು.

ತರಗತಿಗೆ ಹೋಗುವಾಗ ಒಂದು ಮಡಿಸಿದ ಜಮಖಾನ ಹಿಡಿದುಕೊಂಡು ಹೋಗಿ, ನೆಲದ ಮೇಲೆ ಮಂಡಿಯೂರಬೇಕಾಗುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳಿ.