ಕೇಕು ಉಬ್ಬುವ ಬಗೆ

ಹಿಟ್ಟು, ಸಕ್ಕರೆ, ಬೆಣ್ಣೆ, ಮೊಟ್ಟೆಗಳನ್ನು ಸುಮ್ಮನೆ ಕಲಸಿ ಕಾವಿಗಿಟ್ಟರೆ ಸಿಗುವುದು ಗಟ್ಟಿಯಾದೊಂದು ಮುದ್ದೆ. ಅವೇ ಪದಾರ್ಥಗಳನ್ನು ಹದವರಿತು ಬಳಸಿದರೆ ಹತ್ತಿಯಂತೆ ಮೃದುವಾದ ಕೇಕು ಸಿದ್ಧವಾಗುತ್ತದೆ. ಈ ಎರಡಕ್ಕೂ ಇರುವ ಅಂತರವೇನು? ಕೇಕಿನ ಒಂದು ತುಂಡನ್ನು ಕತ್ತರಿಸಿ ನೋಡಿದರೆ ಉತ್ತರ ಕಣ್ಣಿಗೆ ಬೀಳುತ್ತದೆ. ಅದರ ಮೈಯೆಲ್ಲ ಸಣ್ಣ ಸಣ್ಣ ರಂಧ್ರಗಳು. ಗಾಳಿಯನ್ನು ಹಿಟ್ಟಿನೊಳಗೆ ಸೆರೆಹಿಡಿದು, ಅದು ತಪ್ಪಿಸಿಕೊಳ್ಳುವ ಮುನ್ನವೇ ಅದರ ಸುತ್ತ ಗೋಡೆ ಕಟ್ಟುವುದೇ ಕೇಕು ಬೇಯಿಸುವ ಕಲೆ.

ಹಿಂದಿನ ಕಾಲದಲ್ಲಿ ಈ ಗಾಳಿಯನ್ನು ತೋಳ್ಬಲದಿಂದಲೇ ತುಂಬಬೇಕಾಗಿತ್ತು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ 'ಪೌಂಡ್ ಕೇಕು' ಪ್ರಸಿದ್ಧವಾಗಿದ್ದಿತು. ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಒಂದೊಂದು ಪೌಂಡು, ಎಂದರೆ ಸುಮಾರು 454 ಗ್ರಾಂನಂತೆ ತೆಗೆದುಕೊಳ್ಳುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ಪ್ರಕಟಿಸಿದ ಪಾಕಗ್ರಂಥವು ಈ ಮಿಶ್ರಣವನ್ನು ಕೈಯಿಂದಲೋ ದೊಡ್ಡ ಮರದ ಸೌಟಿನಿಂದಲೋ ಒಂದು ಗಂಟೆಯ ಕಾಲ ಕಡೆಯಬೇಕೆಂದು ವಿಧಿಸುತ್ತದೆ. ಆ ಶ್ರಮವೆಲ್ಲ ಗೃಹಿಣಿಯರ ಮತ್ತು ಸೇವಕಿಯರ ಪಾಲಿನದಾಗಿತ್ತು. ಇಲ್ಲವಾದರೆ ಯೀಸ್ಟ್ ಬೆರೆಸಿ, ಇಡ್ಲಿಯ ಹಿಟ್ಟು ಹುದುಗುವುದನ್ನು ಕಾಯುವಂತೆ, ಗಂಟೆಗಟ್ಟಲೆ ಕಾಯಬೇಕಾಗಿತ್ತು.

ಈ ಶ್ರಮವನ್ನು ಹಗುರಗೊಳಿಸಿದ ಶೋಧವು ಒಬ್ಬಳ ಪಥ್ಯದ ನಿಮಿತ್ತ ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ತಯಾರಕನಿದ್ದನು. ಅವನ ಪತ್ನಿ ಎಲಿಜಬೆತ್‌ಳಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಯೀಸ್ಟೂ ಒಗ್ಗುತ್ತಿರಲಿಲ್ಲ. ಎಲ್ಲರೂ ತಿನ್ನುವ ತಿನಿಸು ಆಕೆಗೆ ಮಾತ್ರ ನಿಷಿದ್ಧವಾಗಿದ್ದಿತು. ಬರ್ಡ್ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಯೀಸ್ಟಿನ ಅಗತ್ಯವಿಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರನ್ನೂ ತಯಾರಿಸಿದನು. ಅಡುಗೆ ಸೋಡಾ, ಟಾರ್ಟಾರಿಕ್ ಆಮ್ಲ, ಪಿಷ್ಟ ಇವು ಆ ಪುಡಿಯ ಘಟಕಗಳು. ಹುಣಸೆಹಣ್ಣಿಗೆ ಹುಳಿಯನ್ನು ಕೊಡುವುದೂ ಇದೇ ಆಮ್ಲವೇ. ಒಣಗಿದ್ದಾಗ ಸೋಡಾ ಮತ್ತು ಆಮ್ಲ ಸುಮ್ಮನಿರುತ್ತವೆ. ಪಿಷ್ಟವು ತೇವವನ್ನು ಹೀರಿ ಅವುಗಳನ್ನು ಕಾಪಾಡುತ್ತದೆ. ನೀರು ತಾಗಿದೊಡನೆ ಅವೆರಡೂ ಕೂಡಿ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಹೊರಹಾಕುತ್ತವೆ.

ಇಂದು ಮನೆಯಲ್ಲಿ ಕೇಕು ಮಾಡುವವರು 200 ಗ್ರಾಂ ಮೈದಾ, ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ ಹಾಗೂ ನಾಲ್ಕು ಮೊಟ್ಟೆಗಳನ್ನು ತೆಗೆದುಕೊಳ್ಳಬಹುದು. ಮೊದಲು ಬೆಣ್ಣೆ ಸಕ್ಕರೆಗಳನ್ನು ಬಿಳುಪೇರುವವರೆಗೆ ಕಡೆಯಬೇಕು. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಅಸಂಖ್ಯ ಗಾಳಿಗುಳ್ಳೆಗಳನ್ನು ಮೂಡಿಸುತ್ತವೆ. ಮುಂದೆ ಹೊರಡುವ ಅನಿಲವು ಹೊಸ ಗುಳ್ಳೆಗಳನ್ನು ಕಟ್ಟುವುದಿಲ್ಲ. ಈ ಗುಳ್ಳೆಗಳನ್ನೇ ಹಿಗ್ಗಿಸುತ್ತದೆ. ಆದುದರಿಂದ ಇಲ್ಲಿ ಅವಸರ ಸಲ್ಲದು. ಅನಂತರ ಮೊಟ್ಟೆಗಳನ್ನು ಒಂದೊಂದಾಗಿ ಬೆರೆಸಿ, ಸುಮಾರು ಎರಡು ಚಹಾ ಚಮಚ ಬೇಕಿಂಗ್ ಪೌಡರಿನೊಡನೆ ಜರಡಿ ಹಿಡಿದ ಮೈದಾವನ್ನು ಮೆಲ್ಲನೆ ಕೂಡಿಸಬೇಕು. ಇಲ್ಲಿ ಮಾತ್ರ ಹೆಚ್ಚು ಕಲಸಬಾರದು. ಹೆಚ್ಚು ಕಲಸಿದಷ್ಟೂ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಬಲಿತು ಕೇಕು ಗಡುಸಾಗುತ್ತದೆ. ಮೊಟ್ಟೆ ತಿನ್ನದವರ ಮನೆಗಳಲ್ಲಿ ಮೊಸರಿನ ಹುಳಿಯೂ ಅಡುಗೆ ಸೋಡಾವೂ ಕೂಡಿ ಅನಿಲವನ್ನು ಒದಗಿಸುತ್ತವೆ.

ಮೊದಲೇ 180 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದ ಓವನ್ನಿನಲ್ಲಿ ಮಿಶ್ರಣವನ್ನಿಟ್ಟಾಗ ಒಂದು ಪೈಪೋಟಿ ಆರಂಭವಾಗುತ್ತದೆ. ಒಂದೆಡೆ ಗಾಳಿ, ಅನಿಲ, ನೀರಾವಿ ಕಾವಿಗೆ ಹಿಗ್ಗುತ್ತ ಹಿಟ್ಟನ್ನು ಮೇಲಕ್ಕೆತ್ತುತ್ತವೆ. ಇನ್ನೊಂದೆಡೆ ಮೊಟ್ಟೆಯ ಸಸಾರಜನಕ ಹೆಪ್ಪುಗಟ್ಟಿ, ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ, ಗುಳ್ಳೆಗಳ ಸುತ್ತ ಗೋಡೆ ನಿಲ್ಲುತ್ತದೆ. ಕಾವು ಅತಿಯಾದರೆ ಹೊರಮೈ ಬೇಗನೆ ಬಿಗಿದು, ಒಳಗಿನ ಅನಿಲವು ಅದನ್ನು ಸೀಳಿಕೊಂಡು ಹೊರಬರುತ್ತದೆ. ಕಾವು ಸಾಲದಾದರೆ ಗೋಡೆ ನಿಲ್ಲುವ ಮೊದಲೇ ಅನಿಲ ಹಾರಿಹೋಗುತ್ತದೆ. ನಡುವೆ ಕುತೂಹಲದಿಂದ ಬಾಗಿಲು ತೆರೆದರೆ ತಣ್ಣನೆಯ ಗಾಳಿ ನುಗ್ಗಿ, ಇನ್ನೂ ಹಸಿಯಾಗಿರುವ ಗೋಡೆಗಳು ಕುಸಿದು ಕೇಕಿನ ನಡುಭಾಗ ತಗ್ಗಾಗುತ್ತದೆ. ಕುಸಿದ ಕೇಕು ಮತ್ತೆ ಏಳಲಾರದು.

ಒಳಭಾಗದಲ್ಲಿ ನೀರಿರುವ ತನಕ ಅಲ್ಲಿನ ಉಷ್ಣತೆ 100 ಡಿಗ್ರಿಯ ಆಸುಪಾಸನ್ನು ಮೀರುವುದಿಲ್ಲ. ಒಣಗಿದ ಹೊರಮೈ ಮಾತ್ರ ಹೆಚ್ಚು ಕಾದು, ಸಕ್ಕರೆ ಮತ್ತು ಸಸಾರಜನಕಗಳ ಸಂಯೋಗದಿಂದ ಹೊಂಬಣ್ಣವನ್ನೂ ಪರಿಮಳವನ್ನೂ ತಳೆಯುತ್ತದೆ. ಪಾತ್ರೆಯ ಗಾತ್ರಕ್ಕನುಗುಣವಾಗಿ ಸುಮಾರು 40 ರಿಂದ 50 ನಿಮಿಷಗಳಲ್ಲಿ ಕೇಕು ಬೇಯುತ್ತದೆ. ತೆಳುವಾದ ಕಡ್ಡಿಯನ್ನು ನಡುವೆ ಚುಚ್ಚಿ ತೆಗೆದಾಗ ಅದಕ್ಕೆ ಹಿಟ್ಟು ಅಂಟದಿದ್ದರೆ ಕೇಕು ಬೆಂದಿತೆಂದು ತಿಳಿಯಬೇಕು.

ಕಡೆಯುವಲ್ಲಿ ಶ್ರಮ, ಕಲಸುವಲ್ಲಿ ಸಂಯಮ, ಬೇಯಿಸುವಲ್ಲಿ ತಾಳ್ಮೆ, ಇವು ಮೂರೂ ಕೂಡಿದಾಗಲೇ ಕೇಕು ಹದವಾಗುತ್ತದೆ. ಅಡುಗೆಮನೆಯೂ ಒಂದು ಪ್ರಯೋಗಶಾಲೆಯೇ. ಹಿಂದೆ ತೋಳುಗಳು ಸೋಲುವಷ್ಟು ಹೊತ್ತು ಮಾಡಬೇಕಾಗಿದ್ದ ಕೆಲಸವನ್ನು ಇಂದು ಎರಡು ಚಮಚ ಪುಡಿಯು ಹಗುರಗೊಳಿಸಿದೆ. ಆ ಪುಡಿಯ ಹಿಂದೆ ಪತ್ನಿಯ ಕಷ್ಟವನ್ನು ಕಂಡು ಸುಮ್ಮನಿರಲಾರದ ಒಬ್ಬ ಔಷಧ ತಯಾರಕನ ಕಳಕಳಿಯಿದೆ.